ಬೊಟ್ಟಿಡದೆ ಬಿಟ್ಟ ಕಲೆ

ನಮ್ಮ ಊರಿನಲ್ಲಿ ಯಾರದಾದರೂ ಮನೆಗೆ ಹೋದರೆ ಮೊದಲು ಮನೆಯವರ ಮುಖ ನೋಡುವ ರೂಢಿಯಿಲ್ಲ, ಗೋಡೆ ನೋಡುತ್ತಾರೆ. ಗೋಡೆ ನೋಡಿದರೆ ಸಾಕು, ಆ ಮನೆಯವರು ಎಷ್ಟು ಜನಕ್ಕೆ ಬೇಕಾದವರು, ಯಾರಿಗೆ ಇಲ್ಲ ಅನ್ನಲಾರದವರು, ಯಾರ ಜೊತೆ ಮಾತು ಬಿಟ್ಟವರು ಎಲ್ಲ ತಿಳಿದುಹೋಗುತ್ತದೆ. ನಮ್ಮ ನಡುಮನೆಗೆ ಕಾಲಿಟ್ಟವರಂತೂ ಕುರ್ಚಿ ತೋರಿಸಿದರೂ ಕೂರುವುದಿಲ್ಲ. ಕೈ ಹಿಂದೆ ಕಟ್ಟಿಕೊಂಡು ಗೋಡೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ 'ಇದು ಯಾರದು?' ಅನ್ನುತ್ತಾರೆ. 'ಅದು ನಮ್ಮ ಶೇಷಗಿರಿದು. ಕಲ್ಲುಬಾವಿ ಬೀದಿ ಮನೆ ಬಿಟ್ಟಾಗ ಬಂದದ್ದು' ಎಂದು ನನ್ನ ಯಜಮಾನರು, ಮಗ ತಂದ ಬಹುಮಾನ ತೋರಿಸುವ ಹಾಗೆ ತೋರಿಸುತ್ತಾರೆ.

ಬಾಡಿಗೆಗೆ ಮನೆ ಹಿಡಿಯುವವರಿಗೆ ನೆಂಟರೊಬ್ಬರು ಜಾಮೀನು ಸಹಿ ಹಾಕಬೇಕು. ಮನೆ ಬಿಡುವ ದಿನ, ಬಾಡಿಗೆಯವರು ಮಾಡಿದ ಹಾನಿಯೆಲ್ಲ ಆ ಮನೆಯ ಗೋಡೆಯಿಂದ ಎದ್ದು, ದೀಪ ಹಚ್ಚುವ ಹೊತ್ತಿಗೆ ಸಹಿ ಹಾಕಿದವರ ಮನೆಗೆ ಬಂದು ಕೂರುತ್ತದೆ. ಅವರು ಯಾವ ಗೋಡೆಯನ್ನು ಹೆಚ್ಚು ಹೊತ್ತು ನೋಡುತ್ತಾರೋ ಆ ಗೋಡೆಯ ಮೇಲೆಯೇ. ಸುಣ್ಣ ಬಳಿದರೆ ಮೂರನೆಯ ದಿನ ಮತ್ತೆ ಮೇಲೇಳುತ್ತದೆ. ಬೇರೆ ಊರುಗಳಲ್ಲಿ ಇದಕ್ಕೆ ಅಡ್ವಾನ್ಸಿನಲ್ಲಿ ದುಡ್ಡು ಮುರಿದುಕೊಳ್ಳುತ್ತಾರಂತೆ. ಅದೇ ವಾಸಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ದುಡ್ಡು ಕೊಟ್ಟರೆ ಮರೆತುಹೋಗುತ್ತದೆ. ಶೇಷಗಿರಿಯನ್ನು ಮರೆಯುವುದು ಹೇಗೆ? ಆತ ಜನ್ಮದಲ್ಲಿ ಬಾಗಿಲನ್ನು ಮೆಲ್ಲಗೆ ಹಾಕಿದವನಲ್ಲ. ಅವನ ಬಿರುಕು ಸೂರಿನಿಂದ ಹೊರಟು ನಮ್ಮ ಕ್ಯಾಲೆಂಡರಿನ ಹಿಂದೆ ನುಗ್ಗಿ ಆಚೆ ಕಡೆ ಬಂದಿದೆ. ಅದರ ಪಕ್ಕದಲ್ಲಿ ಐದು ದುಂಡನೆಯ ಎಣ್ಣೆಜಿಡ್ಡು, ಯಜಮಾನರ ಸೋದರತ್ತೆಯ ಮಗಳ ಸಂಸಾರದ್ದು. ಐದು ತಲೆಗಳು ಸಾಲಾಗಿ ಗೋಡೆಗೊರಗಿ ಕೂತು ಅಷ್ಟು ವರ್ಷ ಏನು ಮಾಡುತ್ತಿದ್ದವೋ ನಾ ಕಾಣೆ.

ಯಜಮಾನರು, ಅಂದರೆ ವಾಮನರಾಯರು, ದಿನವೂ ಆ ಗೋಡೆಗೆ ಎದುರಾಗಿ ಕೂತು ಪೇಪರು ಓದುತ್ತಾರೆ. ಹಾಗಾಗಿ ಅವರ ಕಡೆಯ ಏಳೂ ಸಂಸಾರಗಳ ಹಾನಿ ಅಲ್ಲಿಗೇ ಬಂದಿದೆ. ಒಬ್ಬರು ಬದುಕಿನಲ್ಲಿ ಏಳು ಸಹಿಗಿಂತ ಹೆಚ್ಚು ಹಾಕುವಂತಿಲ್ಲ, ಇಲ್ಲದಿದ್ದರೆ ಆ ಪುಣ್ಯಾತ್ಮ ಇಡೀ ಊರಿಗೆ ಹಾಕುತ್ತಿದ್ದರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವರ ಏಳೂ ಮುಗಿದವು. ನನ್ನ ಏಳು ಹಾಗೇ ಇದ್ದವು. 'ಸುಲೋಚನಾದು ಹೊಸ ಸೀರೆ ಮಡಿಕೆ ಬಿಚ್ಚದ ಹಾಗಿದೆ' ಎಂದು ಓರಗಿತ್ತಿಯರು ನಗುತ್ತಿದ್ದರು. ನಗಲಿ. ನನಗೆ ನನ್ನ ಗೋಡೆ ಇತ್ತು.

ಹಿಂದಿನ ಕೋಣೆಯಲ್ಲಿ, ಹಿತ್ತಿಲ ಬಾಗಿಲಿನ ಎದುರಿಗೆ, ಒಂದೇ ಒಂದು ಗುರುತಿಲ್ಲದ ಗೋಡೆ. ಮಧ್ಯಾಹ್ನ ಎಲ್ಲರ ಊಟವಾಗಿ, ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ನಾನು ಅದರ ಮುಂದೆ ಚಾಪೆ ಹಾಕಿ ಕೂರುತ್ತಿದ್ದೆ. ನಿದ್ದೆಯಲ್ಲ, ಜಪವಲ್ಲ. ಮೊದಮೊದಲು ಅತ್ತೆ ಬಾಗಿಲಲ್ಲಿ ಇಣುಕಿ, 'ಅಲ್ಲೇನಿದೆ ಅಂತ ನೋಡ್ತಾ ಕೂತಿದೀಯೇ?' ಎಂದು ಕೇಳುತ್ತಿದ್ದರು. ಏನೂ ಇರಲಿಲ್ಲ. ಯಾರೂ ಇರಲಿಲ್ಲ. ಅದನ್ನು ನೋಡಲಿಕ್ಕೇ ನಾನು ಹೋಗುತ್ತಿದ್ದುದು. ಆದರೆ ಹಾಗೆಂದರೆ ಅತ್ತೆಗೆ ಅರ್ಥವಾಗುತ್ತಿತ್ತೇ? 'ಅಕ್ಕಿ ಆರಿಸ್ತಿದೀನಿ ಅತ್ತೆ' ಅನ್ನುತ್ತಿದ್ದೆ. ಆ ಗೋಡೆ ಹೀಗೇ ಉಳಿಯಬೇಕು ಎಂಬುದೊಂದೇ ನಾನು ಈ ಮನೆಯಲ್ಲಿ ಯಾರಿಗೂ ಹೇಳದೆ ಬಯಸಿದ್ದು.

ನನ್ನ ಮೊದಲ ಸಹಿ ಹೋದದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ನನ್ನ ತಂಗಿ ಮಂದಾಕಿನಿಗೆ. ಗಂಡನ ಜೊತೆ ಹದಿನೈದು ವರ್ಷ ಏಗಿ, ಸಾಕೆಂದು ಹೊಲಿಗೆ ಮಷೀನನ್ನು ಆಟೋದಲ್ಲಿ ಹಾಕಿಕೊಂಡು ಬಂದವಳು. 'ಅಕ್ಕ, ನಿಮ್ಮನೇಲಿ ಇರಲ್ಲ ಕಣೆ. ಭಾವನ ನೆಂಟರ ಜಿಡ್ಡು ನೋಡ್ಕೊಂಡು ಬ್ಲೌಸ್ ಹೊಲಿಯೋಕಾಗಲ್ಲ. ನಂಗೊಂದು ಮನೆ ಬೇಕು, ನಿಂದೊಂದು ಸಹಿ ಬೇಕು' ಅಂದಳು. ಇಲ್ಲ ಅನ್ನಲು ನನಗೆ ಇರುವುದು ಒಬ್ಬಳೇ ತಂಗಿ. ಸಂತೆಬೀದಿಯ ಪುಟ್ಟತಾಯಮ್ಮನವರ ಮನೆಯ ಕೆಳಗಿನ ಭಾಗ ಗೊತ್ತಾಯಿತು. ಪುಟ್ಟತಾಯಮ್ಮ ಮಹಡಿಯ ಮೇಲೆ ಒಬ್ಬರೇ ಇದ್ದರು.

ಮನೆ ಹಿಡಿಯುವ ದಿನ ಸಹಿ ಹಾಕುವವರು ಬೊಟ್ಟಿಡಬೇಕು. ಹೆಬ್ಬೆರಳನ್ನು ಸುಣ್ಣದ ನೀರಿನಲ್ಲಿ ಅದ್ದಿಕೊಂಡು ಮನೆಯೆಲ್ಲ ಸುತ್ತಿ, ಆಗಲೇ ಇರುವ ಬಿರುಕು, ಕಲೆ, ತೂತು ಒಂದೊಂದಕ್ಕೂ ಒಂದು ಬೊಟ್ಟು. ಊರಿನ ಗೋಡೆಗಳ ಗುರುತಿನ ಲೆಕ್ಕ ಇಡುವ ದೊಡ್ಡೀರಯ್ಯ ಹಿಂದೆಯೇ ಬಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಬೊಟ್ಟು ಬಿದ್ದದ್ದು ಹಳೆಯದು. ಬೀಳದ್ದು, ಮುಂದೆ ಬಾಡಿಗೆಯವರದು. ಹಿಂದಿನ ಬಾಡಿಗೆಯ ಬೊಟ್ಟು, ಪಟ್ಟಿ ಯಾವುದೂ ಲೆಕ್ಕಕ್ಕಿಲ್ಲ, ಪ್ರತಿ ಸಲ ಹೊಸದಾಗಿ ಇಡಬೇಕು. ಇಷ್ಟೇ ಕಾನೂನು, ಮಕ್ಕಳಿಗೂ ಗೊತ್ತು.

ಆ ದಿನ ಪುಟ್ಟತಾಯಮ್ಮ ಗಸಗಸೆ ಪಾಯಸ ಮಾಡಿದ್ದರು. ನಾನು ಅಡಿಗೆಮನೆಗೆ ಬೊಟ್ಟಿಟ್ಟು ಬರುವಷ್ಟರಲ್ಲಿ ಬೆಳ್ಳಿ ಲೋಟ ಕೈಗೆ ಬಂತು. 'ತಗೊಳಿ ಸುಲೋಚನಮ್ಮ, ಬಿಸಿ ಇರೋವಾಗ್ಲೇ ಚೆಂದ. ನಿಮ್ಮ ತಾಯಿ ಕೈ ರುಚಿ ಬರಲ್ಲ, ಆದ್ರೂ' ಅಂದರು. ನಮ್ಮಮ್ಮ ತೀರಿಕೊಂಡು ಆಗ ಇಪ್ಪತ್ತು ವರ್ಷ. ಆಕೆಯ ಪಾಯಸ ನೆನಪಿಟ್ಟುಕೊಂಡವರು ಊರಿನಲ್ಲಿ ಇನ್ನೂ ಒಬ್ಬರಿದ್ದಾರೆ ಎಂದುಕೊಂಡು ಮೊದಲ ಗುಟುಕು ನಿಧಾನವಾಗಿ ಕುಡಿದೆ. ಲೋಟ ಹಿಡಿದು ನಡುಕೋಣೆಗೆ ಕಾಲಿಟ್ಟರೆ ಎದುರಿಗೇ ಇತ್ತು ಅದು.

ಒಂದು ಎಮ್ಮೆ ಮಲಗಿದಷ್ಟು ದೊಡ್ಡ ಕಲೆ. ಕಂದು ಬಣ್ಣ, ಅಂಚಿನಲ್ಲಿ ಹಳದಿ, ಮಧ್ಯದಲ್ಲಿ ಗಾರೆ ಉಬ್ಬಿ ಹಪ್ಪಳದ ಹಾಗೆ ಎದ್ದಿತ್ತು. ನಾನು ಅದನ್ನು ನೋಡಿದೆ. ಪುಟ್ಟತಾಯಮ್ಮ ನಾನು ನೋಡಿದ್ದನ್ನು ನೋಡಿದರು. ಅವರ ಮುಖದಲ್ಲಿ ಒಂದು ನಗು ಇತ್ತಲ್ಲ, ಬಡವರ ಮನೆಯಲ್ಲಿ ಹರಿದ ಚಾಪೆ ಹಾಸುವಾಗ ಇರುತ್ತದಲ್ಲ ಅಂಥದು. ಅವರ ಪಾಯಸ ನನ್ನ ಬಾಯಿಯಲ್ಲಿದೆ, ನನ್ನ ಅಮ್ಮನ ಹೆಸರು ಅವರ ಬಾಯಿಯಲ್ಲಿದೆ. ಈಗ ಹೋಗಿ ಅವರ ಗೋಡೆಯ ಮೇಲೆ ಬೆರಳಿಟ್ಟು 'ಇದೋ ನಿಮ್ಮ ಕೊಳಕು' ಎಂದು ತೋರಿಸಲೇ? 'ಇನ್ನೊಂದು ಲೋಟ?' ಅಂದರು ಅವರು. 'ಅರ್ಧ ಸಾಕು' ಅಂದೆ ನಾನು. ದೊಡ್ಡೀರಯ್ಯ ಪೆನ್ನು ಹಿಡಿದು ಕಾದರು. ನಾನು ಪಕ್ಕದ ಕೋಣೆಗೆ ಹೋಗಿ ಕಿಟಕಿಯ ಸಣ್ಣ ಸೀಳಿಗೆ ಬೊಟ್ಟಿಟ್ಟೆ. ಸಂಜೆ ಮಂದಾ, 'ಆ ಎಮ್ಮೆಗೆ ಬೊಟ್ಟಿಟ್ಟೆ ತಾನೆ?' ಎಂದು ಕೇಳಿದಾಗ 'ಹೂಂ' ಅಂದುಬಿಟ್ಟೆ.

ಆ ಒಂದು ಹೂಂ ನಾಲ್ಕು ವರ್ಷ ನನ್ನ ಹೊಟ್ಟೆಯೊಳಗೆ ಗಸಗಸೆಯ ಹಾಗೆ ಕೂತಿತ್ತು. ಮಂದಾಳ ಹೊಲಿಗೆ ಚೆನ್ನಾಗಿ ನಡೆಯಿತು. ಹೆಂಗಸರು ಸಂತೆಬೀದಿಯ ಕೊನೆಯವರೆಗೆ ನಡೆಯಲಾರೆವು ಎಂದು ಗೊಣಗಲು ಶುರುಮಾಡಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಬೇರೆ ಮನೆ ನೋಡಿದಳು. ಈ ಮನೆ ಬಿಡುವುದಕ್ಕೆ ಐದು ದಿನ ಇರುವಾಗ ದೊಡ್ಡೀರಯ್ಯನ ಹತ್ತಿರ ಹಳೆಯ ಪಟ್ಟಿ ತೆಗೆಸಿಕೊಂಡು ಓದಿದ್ದಾಳೆ. ಓದಿದವಳು ಚಪ್ಪಲಿ ಸಮೇತ ನನ್ನ ಅಡಿಗೆಮನೆಗೆ ಬಂದಳು.

'ಎಮ್ಮೆ ಎಲ್ಲೆ ಅಕ್ಕ?' ಅಂದಳು.

'ಯಾವ ಎಮ್ಮೆ?'

'ನಾಟಕ ಬೇಡ. ಕಿಟಕಿ ಸೀಳು ಇದೆ, ಬಚ್ಚಲ ಕಲ್ಲಿನ ಮುಕ್ಕು ಇದೆ, ಹೊಸಿಲಲ್ಲಿ ಗೆದ್ದಲು ತಿಂದ ಚೂರಿದೆ. ಎಮ್ಮೆ ಒಂದೇ ಇಲ್ಲ. ಅಷ್ಟು ದೊಡ್ಡದು ನಿನ್ನ ಕಣ್ಣಿಗೆ ಕಾಣಿಸ್ಲಿಲ್ವಾ?'

ಕಾಣಿಸಿತು ಎಂದೆ. ಮತ್ತೆ ಯಾಕೆ ಇಡಲಿಲ್ಲ ಎಂದಳು. ಪಾಯಸ ಎಂದೆ. ಮಂದಾ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಅವಳ ಗಂಡನನ್ನೂ ಅವಳು ಹಾಗೆ ನೋಡಿರಲಾರಳು.

'ಒಂದು ಲೋಟ ಪಾಯಸಕ್ಕೆ!'

'ಒಂದೂವರೆ' ಅಂದೆ. ಅದೇನು ದೆವ್ವ ಹೊಕ್ಕಿತ್ತೋ, ಆ ಹೊತ್ತಿನಲ್ಲಿ ಸತ್ಯ ಹೇಳಬೇಕೆನ್ನಿಸಿತು.

'ನಾಲ್ಕು ವರ್ಷ ಸುಳ್ಳು ಹೇಳ್ಕೊಂಡ್ ಬಂದೆಯಲ್ಲೆ. ನಾನೋ, ಗೋಡೆಗೊಂದು ಮೊಳೆ ಹೊಡೆಯೋಕೂ ಹೆದರ್ತಿದ್ದೆ, ಅಕ್ಕನ ಗೋಡೆಗೆ ಹೋಗುತ್ತೆ ಅಂತ. ಬಟ್ಟೆಗಳನ್ನ ಕುರ್ಚಿ ಮೇಲೆ ಹಾಕ್ಕೊಂಡು ಬದುಕಿದೀನಿ. ನೀನು ನೋಡಿದ್ರೆ ಮೊದಲ ದಿನವೇ ಎಮ್ಮೇನ ಹೊಡ್ಕೊಂಡ್ ಬಂದು ಕೊಟ್ಟಿಗೇಲಿ ಕಟ್ಟಿದೀಯ. ಹೊಸ ಮನೆಗೆ ನಿನ್ನ ಸಹಿ ಬೇಡ. ಬೇರೆ ಯಾರನ್ನಾದ್ರೂ ನೋಡ್ಕೋತೀನಿ.'

ಬೇರೆ ಯಾರೂ ಇಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಆ ಮಾತು ಅಷ್ಟು ಚುಚ್ಚಿತು. ಆದರೆ ನಿಜ ಹೇಳುತ್ತೇನೆ, ಅವಳು ಹೋದ ಮೇಲೆ ನಾನು ಅತ್ತದ್ದು ತಂಗಿಯ ಮಾತಿಗಲ್ಲ. ಹಿಂದಿನ ಕೋಣೆಗೆ ಹೋಗಿ ನನ್ನ ಗೋಡೆಯ ಮೇಲೆ ಆ ಕಂದು ಎಮ್ಮೆಯನ್ನು ಮನಸ್ಸಿನಲ್ಲೇ ಮಲಗಿಸಿ ನೋಡಿದೆ. ಕಾಲಿಡಲು ಜಾಗವಿಲ್ಲದ ಹಾಗೆ ಆಯಿತು. ಆಗ ಅಳು ಬಂತು.

ಯಜಮಾನರು ತಮ್ಮ ಅನುಭವದಿಂದ ಒಂದು ಉಪಾಯ ಹೇಳಿದರು. 'ಹೆಚ್ಚು ನೋಡೋ ಗೋಡೆಗೆ ತಾನೆ ಬರೋದು? ಐದು ದಿನ ಬೇರೆ ಗೋಡೆ ನೋಡು. ಉಗ್ರಾಣದ ಗೋಡೆ ಇದೆಯಲ್ಲ, ಯಾರು ಬರ್ತಾರೆ ಅಲ್ಲಿಗೆ!' ಮೂವತ್ತು ವರ್ಷದಲ್ಲಿ ಅವರು ಹೇಳಿದ ಮೊದಲ ಒಳ್ಳೆಯ ಮಾತು ಅನ್ನಿಸಿತು. ಮಧ್ಯಾಹ್ನ ಉಗ್ರಾಣದಲ್ಲಿ ಬೆಲ್ಲದ ಡಬ್ಬದ ಮೇಲೆ ಕೂತು ಗೋಡೆಯನ್ನು ದುರುಗುಟ್ಟಿ ನೋಡಲು ಶುರುಮಾಡಿದೆ. ಕಣ್ಣು ಮಿಟುಕಿಸಿದರೆ ನಷ್ಟ ಎಂಬಂತೆ ನೋಡಿದೆ. ಎರಡನೆಯ ದಿನ ಒಂದು ಹಲ್ಲಿ ನನಗೆ ಪರಿಚಯವಾಯಿತು. ಮೂರನೆಯ ದಿನ ಅದು ನನ್ನನ್ನು ಕಂಡು ಬೇಸರದಿಂದ ಅಟ್ಟಕ್ಕೆ ಹೋಯಿತು. ಆದರೆ ನೋಡುತ್ತಿದ್ದದ್ದು ಉಗ್ರಾಣವನ್ನಾದರೂ ನನ್ನ ಮನಸ್ಸೆಲ್ಲ ಹಿಂದಿನ ಕೋಣೆಯಲ್ಲಿ. ಹೀಗೆ ಕಳ್ಳನೋಟದಿಂದ ಗೋಡೆಗೆ ಮೋಸ ಮಾಡಲಾದೀತೇ?

ನಾಲ್ಕನೆಯ ದಿನ ಬೆಳಿಗ್ಗೆ ಎದೆ ಗಟ್ಟಿ ಮಾಡಿಕೊಂಡು ಪುಟ್ಟತಾಯಮ್ಮನವರ ಮನೆಗೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. 'ನೋಡಿ ಅಮ್ಮಾ, ಅದು ಮೊದಲೇ ಇದ್ದದ್ದು, ನಿಮಗೂ ಗೊತ್ತು. ನೀವೇ ಒಂದು ಬೊಟ್ಟು ಇಟ್ಟುಬಿಡಿ, ಮಾಲೀಕರು ಇಟ್ಟರೂ ನಡೆಯುತ್ತದೆ.' ಮಹಡಿ ಹತ್ತುವಾಗಲೂ ಇಷ್ಟೂ ಬಾಯಲ್ಲಿತ್ತು. ಬಾಗಿಲು ತೆಗೆದ ಪುಟ್ಟತಾಯಮ್ಮ, 'ಅಯ್ಯೋ, ಒಳ್ಳೆ ಹೊತ್ತಿಗೆ ಬಂದ್ರಿ, ಈಗ ತಾನೆ ರೊಟ್ಟಿ ತಟ್ಟಿದೆ' ಅಂದರು. ಬಿಸಿ ಅಕ್ಕಿ ರೊಟ್ಟಿಯ ಮೇಲೆ ನಿಂಬೆ ಗಾತ್ರದ ಬೆಣ್ಣೆ ಕರಗುತ್ತಿತ್ತು. ಬೇಡ ಅಂದೆ. ಮನೆ ಬಾಗಿಲಿಗೆ ಬಂದ ಮುತ್ತೈದೆ ಬರಿಹೊಟ್ಟೇಲಿ ಹೋದ್ರೆ ನಂಗೆ ಶ್ರೇಯಸ್ಸಾ ಅಂದರು. ತಿಂದೆ. ಮೊಣಕಾಲು ನೋವಿನ ವಿಷಯ ಬಂತು, ಮಾವಿನಮಿಡಿಗೆ ಈ ಸಲ ಖಾರ ಹತ್ತಲಿಲ್ಲ ಎಂಬ ವಿಷಯ ಬಂತು, ಕಲೆಯ ವಿಷಯ ಬರಲೇ ಇಲ್ಲ.

ಕೆಳಗೆ ಇಳಿದರೆ ಮಂದಾ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು.

'ಏನದು?'

'ದೊಡ್ಡಪತ್ರೆ ಕಡ್ಡಿ. ನೆಟ್ಟರೆ ಬರುತ್ತೆ ಅಂತ ಕೊಟ್ಟರು.'

'ಕಲೆ ವಾಪಸ್ ಕೊಡೋಕೆ ಹೋದವಳು ದೊಡ್ಡಪತ್ರೆ ಇಸ್ಕೊಂಡ್ ಬಂದ್ಯಾ? ದೇವರೇ, ಇವಳನ್ನ ಯುದ್ಧಕ್ಕೆ ಕಳಿಸಿದ್ರೆ ಕೋಟೆ ಕೊಟ್ಟು ಉಪ್ಪಿನಕಾಯಿ ತರ್ತಾಳೆ.' ಇಷ್ಟು ಹೇಳಿ ಒಳಗೆ ಹೋಗಿ ಮಷೀನು ತುಳಿಯತೊಡಗಿದಳು. ಅಷ್ಟು ಜೋರಾಗಿ ತುಳಿದಳೆಂದರೆ ಪಾಪ, ಯಾರದೋ ಬ್ಲೌಸಿನ ತೋಳು ಅವತ್ತು ಎರಡು ಸಲ ಹೊಲಿದುಕೊಂಡಿತು.

ಮನೆ ಬಿಡುವ ದಿನ ಹತ್ತು ಗಂಟೆಗೆ ಎಲ್ಲರೂ ಸೇರಿದೆವು. ದೊಡ್ಡೀರಯ್ಯನಿಗೆ ಎಪ್ಪತ್ತು ದಾಟಿದೆ. ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ, ಕಂಕುಳಲ್ಲಿ ಪಟ್ಟಿ. ಸಾಮಾನೆಲ್ಲ ಹೊರಗೆ ಹೋಗಿ ಮನೆ ಖಾಲಿಯಾಗಿತ್ತು. ಖಾಲಿ ಮನೆಯಲ್ಲಿ ಜಗಳದ ದನಿ ದೊಡ್ಡದಾಗಿ ಕೇಳುತ್ತದೆ.

ಪುಟ್ಟತಾಯಮ್ಮ ಮೊದಲು ಕಿಟಕಿ ಹಿಡಿದರು. 'ನೋಡಿ ಈರಯ್ಯ, ಚೌಕಟ್ಟಿನ ತುಂಬಾ ಸೂಜಿ ತೂತು. ಜೇನುಗೂಡು ಆಗಿದೆ.'

ದೊಡ್ಡೀರಯ್ಯ ಗಾಜು ಹಿಡಿದು ಬಗ್ಗಿದರು. 'ಸೂಜಿ ಎಲ್ಲಿ ಚುಚ್ಚಿಡ್ತಿದ್ದೆ ಮಗಾ?' 'ಅಲ್ಲೇ ತಾತ, ಹೊಲಿಯೋವಾಗ ಕೈಗೆ ಸಿಗಬೇಕಲ್ಲ' ಅಂದಳು ಮಂದಾ. 'ಹೊಟ್ಟೆಗಾಗಿ ಆದದ್ದು ಸವಕಲು, ಸಿಟ್ಟಿಗಾಗಿ ಆದದ್ದು ಹಾನಿ. ಇದು ಹೊಟ್ಟೆಪಾಡು. ಸವಕಲು' ಎಂದು ಬರೆದುಕೊಂಡರು. ಸವಕಲಿಗೆ ಯಾರೂ ಹೊಣೆಯಲ್ಲ, ಅದು ಅಲ್ಲೇ ಇರುತ್ತದೆ. ಇಸ್ತ್ರಿಪೆಟ್ಟಿಗೆ ಇಟ್ಟು ನೆಲ ಕಪ್ಪಗಾದದ್ದೂ ಸವಕಲಾಯಿತು. ಪುಟ್ಟತಾಯಮ್ಮ, 'ಎಲ್ಲಾ ಹೊಟ್ಟೆಗೇ ಹಾಕ್ಕೊಂಡ್ರೆ ನನ್ನ ಮನೆ ಏನಾಗಬೇಕು' ಎಂದು ಗೊಣಗಿದರು.

ಬಾಗಿಲ ಹಿಂದೆ ಗೋಡೆಯಲ್ಲಿ ಬೆರಳು ಹೋಗುವಷ್ಟು ಆಳದ ಗುಂಡಿಯೊಂದು ಸಿಕ್ಕಿತು. ಯಾರೂ ಕೇಳುವ ಮೊದಲೇ ಮಂದಾ ಹೇಳಿದಳು. 'ಅದು ಹಾನಿ. ಬರ್ಕೊಳಿ. ನನ್ನ ಗಂಡ ಕಾಗದ ಬರೆದಿದ್ದ, ಹೊಲಿಗೆ ಮಷೀನು ನಮ್ಮನೇದು, ವಾಪಸ್ ಕಳಿಸು ಅಂತ. ನನ್ನ ಬಗ್ಗೆ ಒಂದಕ್ಷರ ಇರಲಿಲ್ಲ. ಕತ್ತರಿ ಎಸೆದೆ.' ಅಷ್ಟು ಹೇಳಿ ನನ್ನ ಕಡೆ ತಿರುಗಿ, 'ಅಕ್ಕ, ಇದೊಂದು ನಿನ್ನ ಗೋಡೆಗೆ ಬರುತ್ತೆ. ಇದಕ್ಕೆ ಮಾತ್ರ ತಪ್ಪು ತಿಳ್ಕೋಬೇಡ' ಅಂದಳು. ಈ ಕಾಗದದ ವಿಷಯ ನನಗೆ ಗೊತ್ತೇ ಇರಲಿಲ್ಲ. ದೊಡ್ಡೀರಯ್ಯ ಹಾನಿ ಎಂದು ಬರೆದುಕೊಂಡರು.

ಆಮೇಲೆ ನಡುಕೋಣೆ. ಎಮ್ಮೆ ಮಲಗಿದಲ್ಲೇ ಮಲಗಿತ್ತು. ದೊಡ್ಡೀರಯ್ಯ ಪಟ್ಟಿ ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು. 'ಬೊಟ್ಟಿಲ್ಲ.'

'ಇದು ಇರ್ಲಿಲ್ಲ' ಅಂದರು ಪುಟ್ಟತಾಯಮ್ಮ, ನೆಲ ನೋಡಿಕೊಂಡು.

ಮಂದಾ ಬಾಯಿ ತೆರೆದಳು. ಆದರೆ ಮಾತು ಬಂದದ್ದು ನನ್ನ ಬಾಯಿಂದ. ನನ್ನ ದನಿಯೇ ಎಂದು ನನಗೇ ಗುರುತು ಹತ್ತಲಿಲ್ಲ. 'ಇತ್ತು ಪುಟ್ಟತಾಯಮ್ಮ. ನಾನು ನೋಡಿದೆ. ನಾನು ನೋಡಿದ್ದು ನೀವು ನೋಡಿದ್ರಿ. ಇನ್ನೊಂದು ಲೋಟ ಅಂದ್ರಿ. ನಾಚಿಕೆಯಾಗಿ ನಾನು ಬೊಟ್ಟಿಡಲಿಲ್ಲ. ಅದು ನನ್ನ ನಾಚಿಕೆ ಅಂದ್ಕೊಂಡಿದ್ದೆ. ಅಲ್ಲ, ನಿಮ್ಮದು. ನಿಮ್ಮ ನಾಚಿಕೆಯನ್ನ ನಾನು ನಾಲ್ಕು ವರ್ಷ ಹೊತ್ತಿದೀನಿ. ಮೊನ್ನೆ ರೊಟ್ಟಿ ಕೊಟ್ಟು ಮತ್ತೆ ಹೊರಿಸಿದ್ರಿ.' ಜೀವಮಾನದಲ್ಲಿ ಅನ್ನ ಹಾಕಿದವರಿಗೆ ನಾನು ಆಡಿದ ಮೊದಲ ಕಟುಮಾತು ಅದು. ಆಡಿದ ಮೇಲೆ ಯಾಕೋ ಬೆನ್ನು ನೆಟ್ಟಗಾಯಿತು.

ಪುಟ್ಟತಾಯಮ್ಮ ಕಿಟಕಿಯ ಕಟ್ಟೆಯ ಮೇಲೆ ಕೂತುಬಿಟ್ಟರು. 'ನನ್ನ ತಮ್ಮಂದು ಅದು' ಅಂದರು. 'ಅವನಿಗೆ ಸಹಿ ಹಾಕಿದ್ದೆ. ನಲ್ಲಿ ತಿರುಗಿಸಿಟ್ಟು ಊರಿಗೆ ಹೋಗ್ತಿದ್ದ, ವಾರಗಟ್ಟಲೆ. ಇದು ಬಂದ ದಿನದಿಂದ ನನ್ನ ಮಂಚದ ಎದುರಿಗೆ ಇದು. ಅವನು ಒಂದು ದಿನ ಬಂದು ನೋಡ್ಲಿಲ್ಲ, ಹೇಗಿದೀಯಕ್ಕಾ ಅನ್ಲಿಲ್ಲ. ತಡೆಯೋಕಾಗದೆ ಮಹಡಿಗೆ ಹೋದೆ, ಕೆಳಗಡೆ ಬಾಡಿಗೆಗೆ ಕೊಟ್ಟೆ. ನಿಮಗಿಂತ ಮುಂಚೆ ಐದು ಜನ ಬಂದ್ರು ಬೊಟ್ಟಿಡೋಕೆ. ಐದು ಜನಕ್ಕೂ ಪಾಯಸ ಮಾಡಿದೆ. ಲೋಟ ನೆಕ್ಕಿ ಕುಡಿದು, ಬಾಯಿ ಒರೆಸ್ಕೊಂಡು, ಪಟ್ಟಂತ ಅದರ ಮೇಲೇ ಹೆಬ್ಬೆರಳು ಒತ್ತಿದ್ರು. ನೀವೊಬ್ಬರೇ ಒತ್ತದೆ ಹೋದದ್ದು. ಅವತ್ತು ನಂಗೆ ಅದೆಂಥ ಸಂತೋಷ! ನಿಮ್ಮ ತಂಗಿ ಯಾವಾಗ ಮನೆ ಬಿಡ್ತಾಳೆ ಅಂತ ನಾಲ್ಕು ವರ್ಷ ದಿನ ಎಣಿಸಿದೀನಿ.'

'ಅಲ್ರೀ, ಇಷ್ಟು ಬಾಯಿಬಿಟ್ಟು ಹೇಳಿದ ಮೇಲೆ ಒಂದು ಬೊಟ್ಟಿಟ್ಟುಬಿಡಿ' ಅಂದಳು ಮಂದಾ. ದೊಡ್ಡೀರಯ್ಯ ಸುಣ್ಣದ ಬಟ್ಟಲನ್ನು ಅವರ ಮುಂದೆ ಹಿಡಿದರು.

ಪುಟ್ಟತಾಯಮ್ಮ ಬಟ್ಟಲು ನೋಡಿದರು, ಕಲೆ ನೋಡಿದರು. 'ಇಲ್ಲ' ಅಂದರು. 'ನನ್ನ ಮಾನ ಹೋದ್ರೆ ಹೋಗ್ಲಿ. ಇಡಲ್ಲ. ಐವತ್ತು ಮನೆಯವರಿಗೆ ಊಟ ಹಾಕಿದ ಹೆಂಗಸು ನಾನು, ಯಾರಿಗೂ ಇಲ್ಲ ಅಂದವಳಲ್ಲ. ಇವತ್ತೊಂದು ಸಲ ಅಂತೀನಿ.'

ನನಗೆ ಸಿಟ್ಟು ಬರಬೇಕಾಗಿತ್ತು. ಬಂತೂ ಕೂಡ. ಆದರೆ ಅದರ ಜೊತೆಗೇ, ನಾನು ಈಗ ತಾನೆ ಹತ್ತಿದ ಮೆಟ್ಟಿಲನ್ನು ಈ ಮುದುಕಿಯೂ ಹತ್ತಿದಳಲ್ಲ ಎಂಬ ಒಂಥರಾ ಗೌರವವೂ ಬಂತು. ನಾವಿಬ್ಬರೂ ಒಂದೇ ದಿನ ಕೆಟ್ಟವರಾದೆವು. ಗೆದ್ದದ್ದು ಮಾತ್ರ ಅವರು. 'ಬೊಟ್ಟಿಲ್ಲದ್ದು ಬಾಡಿಗೆಯವರದು' ಎಂದು ದೊಡ್ಡೀರಯ್ಯ ಗಟ್ಟಿಯಾಗಿ ಓದಿ ಪಟ್ಟಿ ಮಡಿಸಿದರು.

ದಾರಿಯಲ್ಲಿ ಮಂದಾ ನನ್ನ ಜೊತೆಯೇ ನಡೆದಳು. ಹೂವಿನ ಅಂಗಡಿ ದಾಟಿದ ಮೇಲೆ, 'ನೀನು ಹಂಗೆ ಮಾತಾಡ್ತೀಯ ಅಂತ ನಂಗೊತ್ತಿರ್ಲಿಲ್ಲ ಕಣೆ' ಅಂದಳು. 'ಹೊಸ ಮನೆಗೂ ನೀನೇ ಬಾ ಬೊಟ್ಟಿಡೋಕೆ. ಆದ್ರೆ ಮನೇಲೇ ಹೊಟ್ಟೆ ತುಂಬಾ ತಿಂದ್ಕೊಂಡ್ ಬಾ.' ನಾನು ಅವಳ ಕೈ ಹಿಡಿದುಕೊಂಡೆ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಗಂಟುಕಟ್ಟಿತ್ತು.

ಸಂಜೆ ಹಿಂದಿನ ಕೋಣೆಯಲ್ಲಿ ಮೂರು ಜನ ಚಾಪೆಯ ಮೇಲೆ ಕೂತೆವು, ನಾನು, ಮಂದಾ, ಯಜಮಾನರು. ನನ್ನ ಗೋಡೆಯ ಮೇಲೆ ಹಿತ್ತಿಲ ಬೆಳಕು ಹಳದಿಯಾಗಿ ಬಿದ್ದು, ಕೆಂಪಾಗಿ, ಬೂದುಬಣ್ಣಕ್ಕೆ ತಿರುಗಿತು. ಅದನ್ನು ಖಾಲಿಯಾಗಿ ನೋಡುವ ಕೊನೆಯ ಸಲ ಎಂದು ಕಣ್ಣು ತುಂಬಾ ನೋಡಿದೆ. ದೀಪ ಹಚ್ಚುವ ಹೊತ್ತಾಯಿತು. ಹಚ್ಚಿದೆವು. ಗೋಡೆ ಖಾಲಿ. ಇನ್ನೂ ಅರ್ಧ ಗಂಟೆ ಕೂತೆವು. ಖಾಲಿ. 'ಉಗ್ರಾಣ ನೋಡಿ!' ಅಂದೆ. ಯಜಮಾನರು ಓಡಿದರು. ಅಲ್ಲಿ ಹಲ್ಲಿ ಬಿಟ್ಟರೆ ಏನೂ ಇಲ್ಲ. ನಡುಮನೆ ನೋಡಿದೆವು, ಮಲಗುವ ಕೋಣೆ ನೋಡಿದೆವು, ಬಚ್ಚಲು ನೋಡಿದೆವು. 'ಊರಿಗೆ ಹೊಸದಾಗಿ ಬಂದವರು ಅಡ್ರೆಸ್ ತಪ್ಪಿಸ್ಕೊಳ್ಳಲ್ವೆ, ಹಂಗೆ ದಾರಿ ತಪ್ಪಿರಬೇಕು' ಎಂದು ಯಜಮಾನರು ತೀರ್ಮಾನ ಕೊಟ್ಟರು. ಸಂತೆಬೀದಿಯಿಂದ ಬಂದ ದೊಡ್ಡೀರಯ್ಯ ಮಾತ್ರ, ಅಲ್ಲಿಂದ ಕಲೆ, ಗುಂಡಿ ಎರಡೂ ಹೊರಟುಹೋಗಿವೆ, ಪುಟ್ಟತಾಯಮ್ಮ ಮಂಚವನ್ನು ಕೆಳಗೆ ಇಳಿಸಿಕೊಂಡು ಮಲಗಿದ್ದಾರೆ ಎಂದು ಹೇಳಿ ಹೋದರು. ನನ್ನ ಗೋಡೆ ಉಳಿಯಿತು. ನನಗೆ ಸಂತೋಷದಿಂದ ಊಟ ಸೇರಲಿಲ್ಲ.

ಬೆಳಿಗ್ಗೆ ಎದ್ದು ಕಾಫಿಗೆ ನೀರಿಟ್ಟೆ. ಉಪ್ಪಿಟ್ಟಿಗೆ ಬಾಣಲೆ ಏರಿಸಿದೆ. ಒಗ್ಗರಣೆ ಡಬ್ಬಕ್ಕೆ ಕೈ ಚಾಚಿದರೆ ಬೆರಳು ಒಂದು ಗುಂಡಿಯೊಳಗೆ ಹೋಯಿತು.

ಒಲೆಯ ಹಿಂದಿನ ಗೋಡೆ. ಮೂವತ್ತು ವರ್ಷದ ಮಸಿ, ಎಣ್ಣೆ, ಹಬೆ ಕುಡಿದು ಕರ್ರಗಾದ ಗೋಡೆ. ಕಣ್ಣು ಹತ್ತಿರ ತಂದು ನೋಡಿದರೆ ಮಸಿಯೊಳಗೆ ಇನ್ನೂ ಕಪ್ಪಾಗಿ, ಎಮ್ಮೆಯಷ್ಟು ದೊಡ್ಡ ಗಾರೆಯುಬ್ಬು. ಅದರ ಕಿವಿಯ ಹತ್ತಿರ ಕತ್ತರಿಯ ಗುಂಡಿ. ರಾತ್ರಿ ಇದರ ಮುಂದೆಯೇ ನಿಂತು ಸಾರು ಕುದಿಸಿದ್ದೆ, ನಾವು ಮೂವರೂ ಮನೆಯೆಲ್ಲ ಹುಡುಕಿದ್ದೆವು, ಈ ಗೋಡೆಯನ್ನು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನನಗೂ. ಹೆಚ್ಚು ನೋಡುವ ಗೋಡೆ ಎಂದರೆ ಮನಸ್ಸಿಟ್ಟು ನೋಡುವುದು ಎಂದುಕೊಂಡಿದ್ದೆ. ಗೋಡೆಗೇನು ಗೊತ್ತು ಮನಸ್ಸು? ಅದು ಕಣ್ಣಿನ ಲೆಕ್ಕ ಹಿಡಿದಿದೆ. ನಗು ಬಂತು. ನಗುತ್ತಾ ನಗುತ್ತಾ ಅಳುವಂತಾಗಿ ಮತ್ತೆ ನಗುವೇ ಆಯಿತು. ಸದ್ದು ಕೇಳಿ ಮಂದಾ ಬಂದಳು, ಗುಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ನಗಲಿಲ್ಲ. 'ಅಯ್ಯೋ ಅಕ್ಕ' ಅಂದಳು ಅಷ್ಟೆ.

ಪೇಪರು ಹಿಡಿದೇ ಬಂದ ಯಜಮಾನರು ಮಾತ್ರ ಹಿಗ್ಗಿ ಹೀರೇಕಾಯಾದರು. 'ನೋಡಿದ್ಯಾ ಸುಲೂ! ಕಾಣಿಸೋದೇ ಇಲ್ಲವಲ್ಲೇ! ಹೇಗೂ ಕರೀ ಗೋಡೆ. ಇನ್ನು ಆರು ಸಹಿ ಧಾರಾಳವಾಗಿ ಹಾಕಬಹುದು ನೀನು. ನಮ್ಮ ಶೇಷಗಿರಿ ಮಗ ಬೇರೆ ಮನೆ ನೋಡ್ತಿದಾನೆ, ಪಾಪ...'

'ಐದು. ಒಂದು ಮಂದಾದು' ಅಂದೆ. ಅವರ ಕೈಯಿಂದ ಪೇಪರು ತೆಗೆದುಕೊಂಡು ಸಟ್ಟುಗ ಕೊಟ್ಟೆ. 'ರವೆ ಹುರೀತಿರಿ. ಕೈ ಬಿಡಬೇಡಿ, ತಳ ಹಿಡಿಯುತ್ತೆ. ಗೋಡೆ ಕಡೆ ತಿರುಗಿ ನಿಂತ್ಕೊಳಿ.'

'ನೀನು ಎಲ್ಲಿಗೆ?'

ನಾನು ಹಿಂದಿನ ಕೋಣೆಗೆ ಹೋಗಿ ಚಾಪೆ ಬಿಡಿಸಿದೆ. ಬೆಳಗಿನ ಹೊತ್ತಿನಲ್ಲಿ ಆ ಗೋಡೆ ಹೇಗಿರುತ್ತದೆಂದು ನಾನು ನೋಡಿಯೇ ಇರಲಿಲ್ಲ. ನೀಲಿ ಇರುತ್ತದೆ, ತುಸುವೇ. ಅಡಿಗೆಮನೆಯಿಂದ ಸಟ್ಟುಗದ ಸದ್ದು ಬಂತು, ಮಂದಾ ಏನೋ ಹೇಳಿಕೊಡುವುದು ಕೇಳಿಸಿತು, ಆಮೇಲೆ ರವೆ ಸೀದ ವಾಸನೆ ಬಂತು. ನಾನು ತಲೆ ತಿರುಗಿಸಲಿಲ್ಲ. ಬೆರಳು ಮಡಿಸಿ ಎಣಿಸುತ್ತಿದ್ದೆ. ಒಲೆಯ ಮುಂದೆ ದಿನಕ್ಕೆ ಐದು ಗಂಟೆ, ಮೂವತ್ತು ವರ್ಷ. ಇಲ್ಲಿ ದಿನಕ್ಕೆ ಅರ್ಧ ಗಂಟೆ. ಒಲೆಯ ಲೆಕ್ಕವನ್ನು ಸರಿಗಟ್ಟಬೇಕಾದರೆ ಇನ್ನು ಇಲ್ಲಿ ದಿನಕ್ಕೆ ಹತ್ತು ಗಂಟೆಯಾದರೂ ಕೂರಬೇಕು.

'ಸುಲೂ, ಇದಕ್ಕೆ ನೀರು ಎಷ್ಟು?' ಎಂದು ಯಜಮಾನರು ಕೂಗಿದರು. 'ಇನ್ನೂ ಎಷ್ಟು ಹೊತ್ತು ಕೂರ್ತೀಯ ಅಲ್ಲಿ?'

'ಹದಿನಾಲ್ಕು ವರ್ಷ' ಅಂದೆ. 'ನೀರು ಎರಡೂವರೆ ಲೋಟ.'